ಮಗ್ಗದ ಕುಣಿಯ ಮೇಲಿನ ಜೀಪು

ಬೆಟಗೇರಿಯ ನಮ್ಮ ಓಣಿಯಲ್ಲಿ ಕೈಮಗ್ಗಗಳ ಲಟಕ್-ಪಟಕ್ ಸದ್ದು ಒಂದೊಂದೇ ಮನೆಯಿಂದ ಕಡಿಮೆಯಾಗುತ್ತ ಬಂದಿದ್ದರೂ ಇನ್ನೂ ಪೂರಾ ನಿಂತಿರದ ಕಾಲ ಅದು. ಫೋನು ಅಂದರೆ ಓಣಿಯ ತುದಿಯ ಕಿರಾಣಿ ಅಂಗಡಿಯ ಫೋನು. ಯಾರಿಗಾದರೂ ಕರೆ ಬಂದರೆ ಅರ್ಧ ಓಣಿ ಎದ್ದು ಹೋಗಿ ಕೇಳಿಸಿಕೊಂಡು ಬರುತ್ತಿತ್ತು. ಬೇಸಿಗೆ ಸೂಟಿ ಬಂತೆಂದರೆ ನಮಗೆ ಬೆಳಿಗ್ಗೆ ಕಂಡಿಕೆಗೆ ನೂಲು ಸುತ್ತುವ ಕೆಲಸ, ಮಧ್ಯಾಹ್ನ ಕಟ್ಟೆಯ ಮೇಲೆ ಗಜ್ಜುಗದಾಟ, ಸಂಜೆ ಯಾರಾದರೂ ಕೊಡಿಸಿದರೆ ಬಿಸಿ ಮಿರ್ಚಿ. ಆದರೆ ಆ ಒಂದು ಬೇಸಿಗೆಯಲ್ಲಿ ನಾನು ಆಡಿದ್ದಕ್ಕಿಂತ ಆಕಾಶ ನೋಡಿದ್ದೇ ಹೆಚ್ಚು.

ಕಾರಣ ನಮ್ಮ ಗಿರಿಜಕ್ಕ. ಮುಂಡರಗಿಯ ಆಚೆ, ಡಾಂಬರು ರಸ್ತೆ ಬಿಟ್ಟು ಎರೆಹೊಲಗಳ ನಡುವೆ ಬಹಳ ದೂರ ಹೋಗಬೇಕಾದ ಒಂದು ಸಣ್ಣ ಊರಿಗೆ ಅವಳನ್ನು ಕೊಟ್ಟಿದ್ದರು. ಅವಳಿಗದು ಚೊಚ್ಚಲ ಬಸಿರು. ಏಳನೇ ತಿಂಗಳಲ್ಲಿ ಅಲ್ಲೇ ಕುಬಸದ, ಅಂದರೆ ಸೀಮಂತದ, ಊಟ ಮಾಡಿ, ಅವತ್ತೇ ಅವಳನ್ನು ತವರಿಗೆ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಅಪ್ಪ ನಮ್ಮನ್ನೆಲ್ಲ ತನ್ನ ಜೀಪಿನಲ್ಲಿ ಕೂಡ್ರಿಸಿಕೊಂಡು ಹೊರಟಿದ್ದ. ಶಿರಹಟ್ಟಿ ಕಡೆಯ ಒಂದು ಕಲ್ಲಿನ ಖಣಿಯಲ್ಲಿ ದುಡಿದು ದುಡಿದು ಸವೆದ, ಬಾಗಿಲಿಲ್ಲದ, ಮೋಟು ಮೂತಿಯ ಗಾಡಿ ಅದು. ಹಳ್ಳಿಗಳಿಗೆ ಸೀರೆಯ ಗಂಟು ಒಯ್ಯಲು ಕೊಂಡಿದ್ದ. ಅವ್ವ ಅದಕ್ಕೆ ಎಮ್ಮೆ ಅನ್ನುತ್ತಿದ್ದಳು. "ಎಮ್ಮಿ ಆದ್ರ ಹಾಲರ ಕೊಡ್ತೈತಿ," ಅಂತ ಮೇಲೆ ಒಂದು ಮಾತು.

ಆ ದಿನ ಹೋಗುವಾಗಲೇ ಆ ಎಮ್ಮೆ, ಊರು ಕಣ್ಣಿಗೆ ಬೀಳುವಷ್ಟರಲ್ಲಿ, ಹೊಲದ ದಾರಿಯಲ್ಲಿ ಹೊಗೆ ಉಗುಳಿ ನಿಂತಿತು. ಎತ್ತು ಕಟ್ಟಿ ಎಳೆಸಬೇಕಾಯಿತು. ಊರ ಹುಡುಗರೆಲ್ಲ ಹಿಂದಿನಿಂದ ಹೋ ಎಂದು ಕೂಗುತ್ತ ಬಂದರು. ಅಕ್ಕನ ಅತ್ತೆ ಬಾಗಿಲಲ್ಲೇ ನಿಂತು ನೋಡಿ, "ಬೀಗರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇಂಥಾ ಗಾಡ್ಯಾಗ ನಾ ನನ್ನ ಸೊಸಿನ್ನ ಕಳಸಂಗಿಲ್ಲ," ಅಂದಳು. ಮಾತು ಮೆತ್ತಗೇ ಇತ್ತು. ಅಪ್ಪನ ಮುಖ ಮಾತ್ರ ಹರಳೆಣ್ಣೆ ಕುಡಿದಂತಾಗಿತ್ತು.

ಮರುವಾರಕ್ಕೆ ಎಂಟು ಹಿಡಿಯಿತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವಂತಿಲ್ಲ. ಇನ್ನು ಒಂಬತ್ತರಲ್ಲೇ ಕರೆತರಬೇಕು. ಒಂಬತ್ತು ಹಿಡಿಯುವುದು ಮುಂಗಾರಿನ ಮಿರಗದ ಮಳೆಯ ಬಾಗಿಲಲ್ಲಿ. ಆ ಎರೆಮಣ್ಣಿಗೆ ಎರಡು ಮಳೆ ಚೆನ್ನಾಗಿ ಬಿದ್ದರೆ ಸಾಕು, ಆ ಊರಿಗೆ ಚಕ್ಕಡಿಯೂ ಹೋಗುವುದಿಲ್ಲ, ಅಲ್ಲಿಂದ ಚಕ್ಕಡಿಯೂ ಬರುವುದಿಲ್ಲ. ಅಲ್ಲಿ ದವಾಖಾನೆ ಇಲ್ಲ, ಸೂಲಗಿತ್ತಿ ಮುದುಕಿಗೆ ಕಣ್ಣು ಕಾಣುವುದಿಲ್ಲ. ಕುಬಸದ ದಿನ ಹೊರಡುವಾಗ ಅಕ್ಕ ನನ್ನ ಮುಂಗೈ ಹಿಡಿದು, "ಸಾವಿ, ಅಪ್ಪನ ಬೆನ್ನ ಬಿಡಬ್ಯಾಡ. ಆಂವಾ ಒಂದ ಕೆಲಸಾ ಹಿಡಿದ್ರ ಅದರಾಗ ಮುಳಿಗೇ ಬಿಡ್ತಾನ. ನನಗಿಲ್ಲಿ ಹಡಿಯಾಕ ಅಂಜಿಕಿ ಬರ್ತೈತಿ," ಅಂದಿದ್ದಳು. ಹಸಿರು ಬಳೆಗಳ ಗುರುತು ನನ್ನ ಕೈಯ ಮೇಲೆ ಬಹಳ ಹೊತ್ತು ಇತ್ತು.

ಹೀಗೆ ಅಪ್ಪನಿಗೆ ಒಂದು ಇಡೀ ತಿಂಗಳು ಸುಮ್ಮನೆ ಕಾಯುವ ಶಿಕ್ಷೆಯಾಯಿತು. ಸುಮ್ಮನೆ ಕೂಡ್ರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ಬರುತ್ತಿತ್ತು.

ನಮ್ಮ ಮಗ್ಗದ ಮನೆಯಲ್ಲಿ ಆ ಹೊತ್ತಿಗೆ ದೊಡ್ಡ ಮಗ್ಗ ಬಿಚ್ಚಿಟ್ಟಾಗಿತ್ತು. ನೇಯುವವನು ಕಾಲು ಇಳಿಬಿಟ್ಟು ಕೂಡ್ರುವ ಕುಣಿ ಮಾತ್ರ ನೆಲದಲ್ಲಿ ಹಾಗೇ ಬಾಯಿ ತೆರೆದುಕೊಂಡಿತ್ತು. ಅಪ್ಪ ಹಿತ್ತಲ ಕಡೆಯ ಗೋಡೆಯನ್ನೇ ಒಡೆದು, ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದ ಜೀಪನ್ನು ಒಳಗೆ ತಂದು ಸರಿಯಾಗಿ ಆ ಕುಣಿಯ ಮೇಲೆ ನಿಲ್ಲಿಸಿದ. ಅಜ್ಜ ಐವತ್ತು ವರ್ಷ ಕೂತು ನೇಯ್ದ ಜಾಗದಲ್ಲಿ ಈಗ ಅಪ್ಪ ಕೂತು ಜೀಪಿನ ಹೊಟ್ಟೆ ನೋಡುತ್ತಿದ್ದ. ಗಂಜಿಯ ಹುಳಿ ವಾಸನೆ ಹಿಡಿದಿದ್ದ ಆ ಕೋಣೆಗೆ ಡೀಸೆಲ್ಲಿನ ವಾಸನೆಯೂ ಸೇರಿತು. ಇವತ್ತಿಗೂ ಆ ಎರಡು ವಾಸನೆ ನನ್ನ ಮೂಗಿನಲ್ಲಿ ಬೇರೆಬೇರೆಯಾಗಿಲ್ಲ.

ಮೊದಲು ಸುಟ್ಟ ಕ್ಲಚ್ಚು ಬದಲಿಸಿದ. ಅಷ್ಟಕ್ಕೇ ಗಾಡಿ ಓಡುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ನಮ್ಮಪ್ಪನೇ ಅಲ್ಲ. ಎರೆಮಣ್ಣಿಗೆ ಹಲ್ಲು ಕಚ್ಚಬೇಕೆಂದು ದಪ್ಪ ಹಲ್ಲಿನ ಗಾಲಿ ತಂದ. ಹಿಂದಿನ ಕಬ್ಬಿಣದ ಸೀಟು ಬಸುರಿಗೆ ಬಡಿಯುತ್ತದೆಂದು ಅದನ್ನು ಕಿತ್ತೊಗೆದು, ಮಂಚಕ್ಕೆ ಹೆಣೆಯುವ ಹಾಗೆ ದಪ್ಪ ನೂಲಿನ ಪಟ್ಟಿ ಹೆಣೆದ. ಪಟ್ಟಿಯನ್ನು ಅಜ್ಜ ಸಣ್ಣ ಮಗ್ಗದಲ್ಲಿ ನೇಯ್ದುಕೊಟ್ಟ, ಅಂಚಿಗೆ ಕೆಂಪು ಗೆರೆ ಸಮೇತ. "ಜೀಪಿಗೆ ಸೀರಿ ಉಡಸ್ತೀರೇನ್ರಿ ಮಾವಾ?" ಅಂತ ಅವ್ವ ಕೇಳಿದ್ದಕ್ಕೆ ಅಜ್ಜ, "ಕುಂಡ್ರಾಕಿ ನನ್ನ ಮೊಮ್ಮಗಳವ್ವಾ," ಅಂದಿದ್ದ. ಪಕ್ಕದ ಓಣಿಯ ವೆಲ್ಡಿಂಗಿನ ದಾದಾಪೀರ ಕಾಕಾ ಮೇಲಿನ ತಾಡಪಾಲಿನ ಟಪ್ಪಿಗೆ ಹೊಸ ಕಂಬಿ ಬೆಸೆದುಕೊಟ್ಟ.

ಆಮೇಲೆ ಅಪ್ಪನ ಕಣ್ಣು ವಾಯರುಗಳ ಮೇಲೆ ಬಿತ್ತು.

"ಅವು ಚೊಲೋ ಅದಾವಲ್ಲಪಾ," ಅಂದೆ ನಾನು. ಆ ತಿಂಗಳು ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

"ಸೀಳ್ಯಾವ ನೋಡ. ಮಳ್ಯಾಗ ನಡಬರಕ ನಿಂತ್ರ ಯಾರ ಕೇಳಬೇಕು?"

ಹೊಸ ವಾಯರು ತಂದ. ಎಲ್ಲವೂ ಒಂದೇ ಕರಿ ಬಣ್ಣದವು. ಯಾವುದು ಎಲ್ಲಿಗೆ ಅನ್ನುವುದಕ್ಕೆ ಅಪ್ಪ ನೇಕಾರನ ಉಪಾಯವನ್ನೇ ಮಾಡಿದ. ಒಂದೊಂದು ವಾಯರಿನ ಎರಡೂ ತುದಿಗೆ ಒಂದೊಂದು ಬಣ್ಣದ ನೂಲು ಕಟ್ಟಿದ. ಹಾರ್ನಿಗೆ ಕೆಂಪು, ದೀಪಕ್ಕೆ ಹಳದಿ, ವೈಪರಿಗೆ ಹಸಿರು, ಬ್ರೇಕ್ ಲೈಟಿಗೆ ನೀಲಿ. ನೂಲು ಹುಡುಕುತ್ತ ಹೋದವನು ಹಿತ್ತಲ ತಂತಿಯ ಮೇಲೆ ಅಜ್ಜ ಅವತ್ತೇ ಬಣ್ಣ ಹಾಕಿ ಒಣಹಾಕಿದ್ದ ನೂಲಿನ ಲಡಿಗಳಿಂದ ಒಂದೊಂದು ಎಳೆ ಕಿತ್ತುಕೊಂಡು ಬಂದ. ಹಳೆಯ ವಾಯರುಗಳನ್ನು ಸುರುಳಿ ಸುತ್ತಿ ಗುಜರಿಗೂ ಕೊಟ್ಟುಬಿಟ್ಟ.

ಆ ರಾತ್ರಿ ಗಾಳಿ ಎದ್ದಿತು. ಗುಡುಗು, ಆಲಿಕಲ್ಲು, ಮೇಲಿನ ಎರಡು ತಗಡು ಎದ್ದುಹೋದ ಸದ್ದು. ಬೆಳಿಗ್ಗೆ ನಾನೇ ಮೊದಲು ಮಗ್ಗದ ಮನೆಗೆ ಓಡಿದ್ದು. ಜೀಪು ತೊಯ್ದು ನಿಂತಿತ್ತು. ಒಳಗಿಂದ ಇಳಿಬಿದ್ದಿದ್ದ ವಾಯರುಗಳ ತುದಿಯ ನೂಲೆಲ್ಲ ಒಂದೇ ಬಣ್ಣ, ಜಜ್ಜಿದ ನೇರಳೆ ಹಣ್ಣಿನ ಬಣ್ಣ. ಕೆಂಪು ನೀಲಿಗೆ ಇಳಿದಿತ್ತು, ನೀಲಿ ಹಳದಿಗೆ ಇಳಿದಿತ್ತು.

ಅಪ್ಪ ಬಂದು ನೋಡಿದ. ನೋಡುತ್ತಲೇ ನಿಂತ. ಅಜ್ಜ ಹಿಂದಿನಿಂದ ಬಂದು ಒಂದು ಎಳೆಯನ್ನು ಬೆರಳಲ್ಲಿ ಹಿಸುಕಿ, ಬೆರಳು ನೋಡಿಕೊಂಡ.

"ಕುದಿಸಲಾರದ ನೂಲಿಗೆ ಯಾಂವ ಕೈ ಹಚ್ಚಿದಾಂವ?"

ಅಪ್ಪ ಇನ್ನೊಂದು ವಾಯರಿನ ತುದಿ ಹಿಡಿದು ನೂಲನ್ನು ಬೆಳಕಿಗೆ ತಿರುಗಿಸಿ ನೋಡಿದ.

"ನಾ ಇವತ್ತ ಕುದಿಸಿ ಬಣ್ಣಾ ಕುಂಡ್ರಸಾಂವ ಇದ್ನಲ್ಲೋ. ಒಂದ್ ದಿನಾ ತಡಿಯಾಕ ಆಗಲಿಲ್ಲ ನಿನಗ? ನೇಕಾರನ ಮಗಾ ಆಗಿ ಕಚ್ಚಾ ಬಣ್ಣ ಯಾವುದು, ಪಕ್ಕಾ ಯಾವುದು ನೋಡಲಿಲ್ಲಲ್ಲೋ! ಓಣ್ಯಾಗ ಹೇಳಬ್ಯಾಡ ಇದನ್ನ."

ಓಣಿಯಲ್ಲಿ ಹೇಳುವ ಗರಜೇ ಬೀಳಲಿಲ್ಲ. ಸಂಜೆಗೆ ದಾದಾಪೀರ ಕಾಕಾ ಬಾಗಿಲಿಗೆ ಬಂದು, "ಏ ಈರಣ್ಣ, ನಿನ್ನ ಜೀಪು ಹೋಳಿ ಆಡಿತಂತಲ್ಲೋ?" ಅಂದ. ಅಪ್ಪ ನಗುತ್ತ ಅವನ ಕಡೆ ನಟ್ಟು ಬಿಚ್ಚುವ ಪಾನು ಬೀಸಿ ಒಗೆದ. ಅಷ್ಟು ದಿನದಲ್ಲಿ ಅಪ್ಪ ನಕ್ಕದ್ದು ಅದೊಂದೇ ಸಲ.

ಮರುದಿನ ಕಿರಾಣಿ ಅಂಗಡಿಯಿಂದ ಕರೆ ಬಂತು. ಭಾವ ಮುಂಡರಗಿಗೆ ಬಂದು ಫೋನು ಮಾಡಿದ್ದ. ಒಂಬತ್ತು ಹಿಡಿದಿದೆ, ಮೊದಲ ಮಳೆ ಆಗಿದೆ, ದಾರಿ ಇನ್ನೂ ನಡೆಯುತ್ತದೆ, ಮೋಡ ಮತ್ತೆ ಕಟ್ಟುತ್ತಿದೆ. "ನಾಳೆ ನಿಮಗ ಬರಾಕ ಆಗಲಿಲ್ಲಂದ್ರ ಬಾಣಂತನ ಇಲ್ಲೇ ಆಗ್ಲಿ ಅನ್ನಾಕತ್ತಾಳ ನಮ್ಮವ್ವ," ಅಂದನಂತೆ.

ಅವತ್ತು ಮಧ್ಯಾಹ್ನದ ಊಟ ಯಾರೂ ಮಾಡಲಿಲ್ಲ. ಅಪ್ಪ ಕುಣಿಯಲ್ಲಿ ಇಳಿದ. ನಾನು ಮೇಲೆ ಸ್ಟೇರಿಂಗಿನ ಹಿಂದೆ ಕೂತೆ. ಅವನು ಕೆಳಗೆ ವಾಯರು ಸೇರಿಸುವುದು, ನಾನು ಮೇಲೆ ಒತ್ತಿ ನೋಡಿ ಹೇಳುವುದು.

"ಸಾವೀ, ಹಾರ್ನ್ ಒತ್ತ."

"ವೈಪರ್ ತಿರಗಾಕತ್ತೈತಿ ಅಪಾ."

"ಹೂಂ... ಈಗ?"

"ಈಗ ದೀಪ ಹತ್ತಿತು."

"ದೀಪದ ಗುಂಡಿ ಒತ್ತ ಹಂಗಾರ."

"ಏನೂ ಇಲ್ಲ."

"ಏನೂ ಇಲ್ಲಂದ್ರ ಹೆಂಗ? ಏನರ ಇರಬೇಕಲ್ಲ!"

"ಏನೂ ಇಲ್ಲಪಾ, ನೀನ ಬಂದ ನೋಡ."

ಕೆಳಗಿನಿಂದ ಪಾನು ಬಿದ್ದ ಸದ್ದು. ಅಜ್ಜ ಕಂಬಕ್ಕೆ ಒರಗಿ ಅಡಕೆ ಕತ್ತರಿಸುತ್ತ ಕೂತಿದ್ದ. ಹೊರಗೆ ಬೆಳಕು ಮಂಕಾಗುತ್ತಿತ್ತು. ಅದು ಸಂಜೆಯೋ ಮೋಡವೋ ಅಂತ ನಾನು ಮತ್ತೆಮತ್ತೆ ತಿರುಗಿ ನೋಡುತ್ತಿದ್ದೆ. ಕೊನೆಗೂ ಇಂಜಿನ್ನು ಚಾಲೂ ಆಯಿತು, ದೀಪ ಸರಿಯಾಯಿತು, ವೈಪರು ಸರಿಯಾಯಿತು.

"ಬ್ರೇಕ್ ತುಳಿ."

ನನ್ನ ಕಾಲು ಮುಟ್ಟಲಿಲ್ಲ. ಸೀಟಿನ ತುದಿಗೆ ಜಾರಿ, ಸ್ಟೇರಿಂಗು ಹಿಡಿದು ಜೋತುಬಿದ್ದು ತುಳಿದೆ.

ಪ್ಯಾಂ...!

ಹಿತ್ತಲ ಕೋಳಿಗಳು ಎದ್ದು ಹಾರಿದವು. ಅಜ್ಜನ ಕೈಯ ಅಡಕತ್ತು ಕೆಳಗೆ ಬಿತ್ತು. ನಾನು ಬೆದರಿ ಕಾಲು ತೆಗೆಯುವುದನ್ನೇ ಮರೆತೆ. ಬ್ರೇಕು ತುಳಿದಷ್ಟು ಹೊತ್ತೂ ಹಾರ್ನು ಬಡಿಯುತ್ತಿತ್ತು. ಹಾರ್ನಿನ ಗುಂಡಿ ಒತ್ತಿದರೆ ಮಾತ್ರ ಗಪ್‌ಚಿಪ್.

ಅಪ್ಪ ಕುಣಿಯಿಂದ ತಲೆ ಎತ್ತಿದ. ಮುಖದ ತುಂಬ ಗ್ರೀಸು. "ಮತ್ತ ಬಿಚ್ಚಬೇಕಾತು," ಅಂದ.

ಬಾಗಿಲಲ್ಲಿ ಅವ್ವ ನಿಂತಿದ್ದಳು. ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಬುತ್ತಿಯ ಗಂಟು. ನಸುಕಿಗೆ ಹೊರಡಲು ಆಗಲೇ ಕಟ್ಟಿ ಮುಗಿಸಿದ್ದಳು. ಆ ಜೀಪಿಗೆ ಒಂದು ದಿನವೂ ತಾನಾಗಿ ಕೈ ಹಚ್ಚದವಳು ಸೀದಾ ಬಂದು ಗಂಟನ್ನು ಸೀಟಿನ ಮೇಲೆ ಇಟ್ಟಳು.

"ಇನ್ನೊಂದ್ ಮೊಳಿ ಬಿಚ್ಚಿದ್ರ ನೋಡ್ರಿ. ನಾ ನಡಕೊಂಡ ಹೋಗಿ ನನ್ನ ಮಗಳನ್ನ ಕರಕೊಂಡ ಬರ್ತೀನಿ. ಎಮ್ಮಿ ಒದರಿದ್ರ ಒದರ್ಲಿ. ನಿಲ್ತೈತಿಲ್ಲೋ?"

"ನಿಲ್ತೈತಿ," ಅಂದ ಅಪ್ಪ.

"ಓಡ್ತೈತಿಲ್ಲೋ?"

"ಓಡ್ತೈತಿ."

"ಮುಗೀತ."

ನಸುಕಿನಲ್ಲಿ ಹೊರಟೆವು. ಗದಗಿನ ಬಜಾರು ದಾಟುವಾಗ ಹೆಜ್ಜೆಹೆಜ್ಜೆಗೂ ಬ್ರೇಕು, ಹೆಜ್ಜೆಹೆಜ್ಜೆಗೂ ಹಾರ್ನು. ಹಾಲಿನವರು ಬೈದರು. ಡಂಬಳದ ಹತ್ತಿರ ಒಂದು ಕುರಿಹಿಂಡು ಅಡ್ಡ ಬಂದಾಗ ಅಪ್ಪ ತುಳಿದ ಕಾಲು ತೆಗೆಯುವಂತಿರಲಿಲ್ಲ, ಕುರಿಗಳು ಬೆದರಿ ಇನ್ನಷ್ಟು ಅಡ್ಡ ಬರುತ್ತಿದ್ದವು. ಕುರಿಯವನು ಕೋಲೂರಿ ನಿಂತು, "ಯಪ್ಪಾ, ನಿಂತ ಮ್ಯಾಲೂ ಯಾಕ ಒದರತಿ? ದಾರಿ ಕೊಡಾಕತ್ತೀನಲ್ಲ!" ಅಂತ ಕೂಗಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಮಾತ್ರ ನಗಲಿಲ್ಲ. ಅವನ ಕಣ್ಣು ಮೂಡಣದ ಮೋಡದ ಮೇಲೇ ಇತ್ತು.

ಹೊಲದ ದಾರಿ ಇನ್ನೂ ಹಸಿ ಇತ್ತು. ತಗ್ಗಿಗೊಮ್ಮೆ ಬ್ರೇಕು ತುಳಿಯುತ್ತ, ಒದರುತ್ತ ಹೋದೆವು. ಊರು ಮುಟ್ಟುವ ಮೊದಲೇ ಊರಿಗೆಲ್ಲ ಖಬರು ಮುಟ್ಟಿತ್ತು. ಬಣವೆಯ ಪಕ್ಕದಲ್ಲಿ, ಸೊಂಟಕ್ಕೆ ಕೈ ಕೊಟ್ಟು, ಅಕ್ಕ ನಿಂತಿದ್ದಳು. ಅವಳ ಅತ್ತೆ ಗಾಡಿಯ ಸುತ್ತ ಒಂದು ಸುತ್ತು ಬಂದಳು, ದಪ್ಪ ಗಾಲಿ ಮುಟ್ಟಿದಳು, ಹಿಂದಿನ ಹೆಣೆದ ಸೀಟಿನ ಮೇಲೆ ಅಂಗೈಯೂರಿ ಒತ್ತಿ ನೋಡಿದಳು. ಅಂಚಿನ ಕೆಂಪು ಗೆರೆಯ ಮೇಲೆ ಬೆರಳಾಡಿಸಿದಳು.

"ಇದನ್ನ ಯಾರ ನೇಯ್ದಾರ?"

"ನಮ್ಮಪ್ಪ," ಅಂದ ಅಪ್ಪ.

"ಕರಕೊಂಡ ಹೋಗ್ರಿ," ಅಂದಳು. "ಜಲ್ದಿ ಹೋಗ್ರಿ. ಮಳಿ ಬಂತು."

ಬಂದೇಬಿಟ್ಟಿತು. ಊರು ದಾಟಿದೆವೋ ಇಲ್ಲವೋ, ದಪ್ಪ ಹನಿಗಳು ಟಪ್ಪಿನ ಮೇಲೆ ಬಡಿಯತೊಡಗಿದವು. ಎರೆಮಣ್ಣು ಗಾಲಿಗೆ ಮೆತ್ತಿ ಮೆತ್ತಿ ಬರತೊಡಗಿತು. ಜೀಪು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸೊಂಟ ತಿರುಗಿಸಿತು. ಅಪ್ಪ ಸಣ್ಣ ಗೇರು ಎಳೆದು ನಾಲ್ಕೂ ಗಾಲಿಗೆ ಜೀವ ಕೊಟ್ಟು, "ಈಗ ಬ್ರೇಕ್ ಮುಟ್ಟಂಗಿಲ್ಲ. ಮುಟ್ಟಿದ್ರ ಜಾರಿ ಹೊಲದಾಗ ಹೋಗ್ತೈತಿ. ಯಾರೂ ಮಾತಾಡಬ್ಯಾಡ್ರಿ," ಅಂದ.

ಹೋಗುವಾಗ ಅಷ್ಟು ಒದರಿದ್ದ ಗಾಡಿ ಈಗ ಇಂಜಿನ್ನಿನ ಉಸಿರೊಂದನ್ನು ಬಿಟ್ಟು ಸುಮ್ಮನಾಯಿತು. ಅಕ್ಕ ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದು ಕೈಯಲ್ಲಿ ನನ್ನ ಮುಂಗೈ ಹಿಡಿದಿದ್ದಳು. ಅವಳ ಬಳೆ ನನಗೆ ಒತ್ತುತ್ತಿತ್ತು. ಅವಳು ಕಣ್ಣು ಮುಚ್ಚಿದ್ದಳು. ನಾನು ಕಣ್ಣು ಮುಚ್ಚಲಿಲ್ಲ. ಅಪ್ಪನ ಬಲಗಾಲನ್ನೇ ನೋಡುತ್ತಿದ್ದೆ. ಅದು ಬ್ರೇಕಿನ ಹತ್ತಿರ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು. ಒಂದು ಹಳ್ಳದ ಇಳಿಜಾರಿನಲ್ಲಿ ಜೀಪು ತಾನಾಗಿ ಜಾರಿತು, ಅವ್ವ "ಶಿವಾ" ಅಂದಳು, ದಪ್ಪ ಹಲ್ಲು ಎಲ್ಲೋ ಗಟ್ಟಿ ನೆಲ ಕಚ್ಚಿತು. ಸುಮ್ಮನೆ ಕೂಡ್ರಲು ಬಾರದ ನಮ್ಮಪ್ಪ ಆ ಇಡೀ ದಾರಿ ತನ್ನ ಕಾಲನ್ನು ಸುಮ್ಮನೆ ಇಟ್ಟುಕೊಂಡು ಗಾಡಿ ನಡೆಸಿದ.

ಮುಂದಿನ ಗಾಲಿ ಡಾಂಬರಿನ ಮೇಲೆ ಏರಿತು. ಹಿಂದಿನದೂ ಏರಿತು. ಅಪ್ಪ ಉಸಿರು ಬಿಟ್ಟು ಬ್ರೇಕು ತುಳಿದ.

ಪ್ಯಾಂ...!

ಅಕ್ಕ ಬೆಚ್ಚಿ ಕಣ್ಣು ತೆರೆದಳು. ಆಮೇಲೆ ನಗತೊಡಗಿದಳು. "ಅವ್ವಾ, ನಗಸಬ್ಯಾಡ್ರೇ, ಹೊಟ್ಟಿ ಹಿಡೀತೈತಿ," ಅನ್ನುತ್ತಲೇ ಕಣ್ಣೀರು ಬರುವಂತೆ ನಕ್ಕಳು. ಅವ್ವ ನಕ್ಕಳು, ನಾನು ನಕ್ಕೆ. ಅಪ್ಪ ಸ್ಟೇರಿಂಗಿನ ಮೇಲೆ ತಲೆಯಿಟ್ಟುಕೊಂಡಿದ್ದ. ಕಾಲು ಮಾತ್ರ ಬ್ರೇಕಿನ ಮೇಲೇ ಇತ್ತು.

ಅಕ್ಕನಿಗೆ ಗದಗಿನ ದವಾಖಾನೆಯಲ್ಲಿ ಹೆಣ್ಣುಮಗು ಆಯಿತು. ಆ ಮಳೆಗಾಲವೆಲ್ಲ ಅಪ್ಪ ಕುಣಿಯಲ್ಲಿ ಕೂತು, ಅಜ್ಜ ಕುದಿಸಿಕೊಟ್ಟ ನೂಲು ಕಟ್ಟಿಕೊಂಡು, ಒಂದೊಂದೇ ವಾಯರು ಸರಿ ಮಾಡಿದ. ಹಾರ್ನಿಗೆ ಅದರ ಗುಂಡಿಯನ್ನೂ ಕೊಟ್ಟ. ಬ್ರೇಕಿನ ಆ ಒಂದು ವಾಯರನ್ನು ಮಾತ್ರ ಮುಟ್ಟಲಿಲ್ಲ. ಕೇಳಿದರೆ, "ಇರ್ಲಿ ಬಿಡ," ಅನ್ನುತ್ತಿದ್ದ. ಮುಂದೆ ಎಷ್ಟೋ ವರ್ಷ ಸಂಜೆ ಓಣಿಯ ತಿರುವಿನಲ್ಲಿ ಆ ಸದ್ದು ಕೇಳಿದರೆ ಅವ್ವ ಚಹಾಕ್ಕೆ ನೀರಿಡುತ್ತಿದ್ದಳು, ಅಜ್ಜ ಕಟ್ಟೆಯ ಮೇಲೆ ಸರಿದು ಜಾಗ ಮಾಡುತ್ತಿದ್ದ, ಎದುರು ಮನೆಯವರು, "ಈರಣ್ಣ ಬಂದಾ," ಅನ್ನುತ್ತಿದ್ದರು.

ಈಗ ಅಕ್ಕನ ಊರಿಗೆ ಬಾಗಿಲತನಕ ಡಾಂಬರಿದೆ. ಅವಳ ಮಗಳು ಕಾರಿನಲ್ಲಿ ಅವಳನ್ನು ಕೂಡ್ರಿಸಿಕೊಂಡು ಬರುತ್ತಾಳೆ. ಹೊರಟ ಸುದ್ದಿ, ಎಲ್ಲಿ ಬಂದರೆಂಬ ಸುದ್ದಿ ಎಲ್ಲ ಮೊದಲೇ ಫೋನಿಗೆ ಬಂದಿರುತ್ತದೆ. ಯಾರೂ ಆಕಾಶ ನೋಡುವುದಿಲ್ಲ, ಓಣಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಮಗ್ಗದ ಕುಣಿಯನ್ನು ಮುಚ್ಚಿ ಮೇಲೆ ಫರಸಿಕಲ್ಲು ಹಾಕಿದ್ದೇವೆ. ಅಪ್ಪ ಹೋದ ಮೇಲೆ ಜೀಪು ಬಹಳ ದಿನ ನಿಂತೇ ಇತ್ತು. ಅದನ್ನು ಕೊಂಡವನು ಮೊದಲು ಮಾಡಿದ ಕೆಲಸವೇ ಆ ವಾಯರು ಸರಿ ಮಾಡಿಸಿದ್ದಂತೆ.

ನಾನೂ ಗದಗಿನಲ್ಲಿ ಒಂದು ಸಣ್ಣ ಕಾರು ಓಡಿಸುತ್ತೇನೆ. ಒಳ್ಳೆಯ ಗಾಡಿ, ಸದ್ದೇ ಇಲ್ಲ. ಆದರೂ ಮನೆ ಮುಂದೆ ಬಂದು ಬ್ರೇಕು ತುಳಿದಾಗಲೆಲ್ಲ ನನ್ನ ಕಿವಿ ಅರೆಗಳಿಗೆ ಕಾಯುತ್ತದೆ. ಗಾಡಿ ನಿಲ್ಲುತ್ತದೆ. ಏನೂ ಕೇಳಿಸುವುದಿಲ್ಲ. ನಾನೇ ಇಳಿದು ಬಾಗಿಲು ಬಡಿಯುತ್ತೇನೆ.