ಮೂಲೆಯಿಲ್ಲದ ಮಡಕೆ

"ಚಪ್ಪಲಿ ಹೊಲಿಯೋರ ಹುಡುಗ ಹೈಸ್ಕೂಲು ಮುಗಿಸೋದು ಈ ಜನ್ಮದಾಗ ಆಗಂಗಿಲ್ಲ" ಎಂದವರು ಆದೋನಿಯ ಹತ್ತಿ ಸಾಹುಕಾರರು. ಇಂದು ನಾನು ಪದವೀಧರ. ಅದಕ್ಕೆ ನಮ್ಮ ಭೂಗೋಳದ ಮೇಷ್ಟ್ರೇ ಕಾರಣ.

ಅವರ ಹಣೆ ತುಂಬ ನಾಮ, ಕಂಕುಳಲ್ಲಿ ಸದಾ ಒಂದು ಮಡಕೆ. ಅದರ ಮೇಲೆ ಲೋಕದ ದೇಶಗಳನ್ನೆಲ್ಲ ತಾವೇ ಸುಣ್ಣದಲ್ಲಿ ಬರೆದಿದ್ದರು. ಮೊದಲ ದಿನ ನಾನು ರೂಢಿಯಂತೆ ಬಾಗಿಲ ಮೂಲೆಯಲ್ಲಿ ಕೂತಾಗ, ಮಡಕೆ ತಿರುಗಿಸುತ್ತ ಕೇಳಿದರು: "ದುಂಡನ ಭೂಮಿಗೆ ಮೂಲಿ ಎಲ್ಲೈತೋ?" ಆಮೇಲೆ ಅದೇ ಅವರ ನಿತ್ಯದ ಮಾತಾಯಿತು. ಅಂದೇ ಅವರು ಹೇಳಿದಂತೆ ತರಗತಿಯೆಲ್ಲ ಮಡಕೆಯ ಸುತ್ತ ದುಂಡಗೆ ಕೂತಿತು. ಸಾಹುಕಾರರ ಮಗನ ಪಕ್ಕಕ್ಕೆ ನಾನು.

ಮರುದಿನವೇ ಸಾಹುಕಾರರು ಬಂದರು. "ಇವನ್ನ ಹೊರಗ ಹಾಕ್ರಿ, ಇಲ್ಲಾಂದ್ರ ನಿಮ್ಮ ನೌಕರಿ ಇರಂಗಿಲ್ಲ."

ಮೇಷ್ಟ್ರು ಮಡಕೆಯನ್ನು ಅವರ ಕೈಗಿಟ್ಟರು. "ನಿಮ್ಮ ಹತ್ತಿ ಹೋಗೋ ದೇಶ ಎಲ್ಲಾ ಇದರಾಗ ಅದಾವ್ರಿ. ಅಲ್ಲಿ ಅದನ್ನ ಯಾರು ಮುಟ್ಟತಾರಂತ ಕೇಳೀರೇನು? ಒಂದು ಮೂಲಿ ಹುಡುಕಿಕೊಡ್ರಿ, ಇವನ್ನ ಅಲ್ಲೇ ಕುಂಡ್ರಸ್ತೀನಿ."

ಸಾಹುಕಾರರು ಮಡಕೆ ಕೆಳಗಿಟ್ಟು, ಮಗನನ್ನು ಕರೆದರು. ಅವನು ನನ್ನ ಪಕ್ಕದಿಂದ ಏಳಲಿಲ್ಲ.

ಹೈಸ್ಕೂಲು ಮುಗಿದಾಗ ಮೇಷ್ಟ್ರು ಬಾಗಿಲಾಚೆ ನಿಂತಿದ್ದ ಅವ್ವನನ್ನು ಒಳಗೆ ಕರೆದು, ಸರ್ಟಿಫಿಕೇಟನ್ನು ಆಕೆಯ ಕೈಗೇ ಕೊಟ್ಟರು. ಅವ್ವ ಅದನ್ನು ಎದೆಗೊತ್ತಿಕೊಂಡು ಅಂದಳು: "ಇನ್ನ ಎಲ್ಲಿ ಹೋದ್ರೂ ನಡುವನ ಕುಂಡ್ರೋ ನನ್ನಪ್ಪಾ."