ಎಣ್ಣೆ ಒಲ್ಲದ ಭುಜ

ನಮ್ಮ ಮನೆತನದಲ್ಲಿ ಕುರಿ ಬಿಟ್ಟು ಪುಸ್ತಕ ಹಿಡಿದು ಡಿಗ್ರಿ ಪಡೆದವಳು ನಾನೊಬ್ಬಳೇ. ಕೊಲ್ಹಾಪುರದಲ್ಲಿ ಫಿಸಿಯೋಥೆರಪಿ ಓದಿದೆ. ಅಲ್ಲಿಯೇ ಒಂದು ತರಗತಿಗೆ ಹೋಗಿ ಚೀನಾದ ಹಳೆಯ ಮಾಲೀಶನ್ನೂ ಕಲಿತೆ. ಅದಕ್ಕೆ ಎಣ್ಣೆ ಬೇಡ. ಮೈಮೇಲೆ ಬಟ್ಟೆ ಹೊದಿಸಿ, ಹೆಬ್ಬೆರಳಿನಿಂದ ಒತ್ತುತ್ತ, ಮುಂಗೈ ಉರುಳಿಸುತ್ತ ಹೋಗಬೇಕು.

ಆ ವಿದ್ಯೆ ಕಡೆಗೆ ಅಪ್ಪನಿಗೇ ಬೇಕಾಯಿತು. ಡೊಳ್ಳಿನ ಪಟ್ಟಿ ಹೊತ್ತು ಹೊತ್ತು ಅವನ ಎಡಭುಜ ಹಿಡಿದುಕೊಂಡಿತ್ತು. ನಮ್ಮೂರು ಮಹಾಗಾಂವದ ಡೊಳ್ಳಿನ ಮೇಳದಲ್ಲಿ ಮೊದಲ ಪೆಟ್ಟು ಅಪ್ಪನದು. ತೋಳು ಏಳದಿದ್ದರೆ ಅದು ಅವನ ತಮ್ಮನ, ನನ್ನ ಕಾಕಾನ ಪಾಲು. ಅವ್ವ ಎಣ್ಣೆ ಕಾಯಿಸಿ ತಂದರೆ ಅಪ್ಪ ದೂರ ಸರಿಯುತ್ತಿದ್ದ.

"ಎಣ್ಣಿ ಕೈ ತೊಗಲಿಗೆ ತಾಗಿದ್ರ ಡೊಳ್ಳ ಮೂಕ ಆಗತೈತಿ."

ಒಂದು ಶನಿವಾರ ಊರಿಗೆ ಬಂದವಳೇ ಅವನ ಭುಜಕ್ಕೆ ಧೋತರ ಹೊದಿಸಿ ಕುಳಿತೆ.

"ಎಣ್ಣಿ ಇಲ್ಲದ ಮಾಲೀಶ! ಇದನ್ನ ಕಲಿಯಾಕ ಇಷ್ಟ ವರ್ಷ ಬೇಕಾತೇನ, ಡಾಕ್ಟರಬಾಯಿ?" ಎಂದ ಕಾಕಾ.

"ನಿನ್ನ ಕುರಿಗೆ ಮಾಡಾಕತ್ತಿಲ್ಲ ಕಾಕಾ, ಸುಮ್ಮನ ಕೂಡು."

ಅರ್ಧ ತಾಸಿನಲ್ಲಿ ಅಪ್ಪನ ತೋಳು ಕಿವಿಯವರೆಗೆ ಎದ್ದಿತು. 'ನೋವಷ್ಟೇ ಕಡಿಮೆಯಾಗಿದೆ, ಭುಜ ವಾಸಿಯಾಗಿಲ್ಲ, ಡೊಳ್ಳು ಮುಟ್ಟಬೇಡ' ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕಾಕಾನ ಬೆಪ್ಪಾದ ಮುಖ ನೋಡುತ್ತ ಬೀಗುತ್ತಿದ್ದೆ.

ಭಾನುವಾರ ನಮ್ಮ ಅಂಗಳದಲ್ಲಿ ಮೇಳ ಕೂಡಿದಾಗ ಅಪ್ಪ ಮಧ್ಯಾಹ್ನವಿಡೀ ಬಾರಿಸಿದ. "ಮಗಳ ಚೀನಾ ಮಾಲೀಶ ಭಾರೀ ಐತಿ!" ಎಂದು ಜನ ಕೂಗಿದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ತುಂಬಿದ ಕೊಡವನ್ನೇ ಮತ್ತೆ ತುಂಬಲು ಹೋದೆ. ಎಡಗೈ ಪೆಟ್ಟು ಬಿದ್ದಾಗಲೆಲ್ಲ ನನ್ನ ಭುಜವೇ ಸೆಟೆಯುತ್ತಿತ್ತು.

ಮರುದಿನ ಬೆಳಿಗ್ಗೆ ಅಪ್ಪ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಬರಿತಲೆಯಲ್ಲಿ ಕುಳಿತಿದ್ದ. ಸುತ್ತಿಕೊಳ್ಳಲು ಎರಡೂ ಕೈ ಮೇಲೇಳಬೇಕಲ್ಲ.

"ತಪ್ಪು ನಂದ ಅಪ್ಪಾ. ನಿನ್ನ ತಡೀಬೇಕಾಗಿತ್ತು."

"ಈಗರ ಹೇಳ. ನಿನ್ನ ಡಿಗ್ರಿ ಏನ ಅಂತೈತಿ?"

"ಭುಜ ಪೂರ್ತಿ ಬಿಡೂತನಕ ಡೊಳ್ಳ ಮುಟ್ಟಬ್ಯಾಡ."

ಅವನು ರುಮಾಲನ್ನು ಮಡಿಸಿ ಪಕ್ಕಕ್ಕಿಟ್ಟ. ಆಮೇಲೆ ಕಾಕಾನನ್ನು ಕರೆದು, "ಒಯ್ಯಿ. ಬಿಸಲಾಗ ಇಡಬ್ಯಾಡ" ಎಂದು ಡೊಳ್ಳು ಕೊಟ್ಟ.

ನಾನು ಕೆಲಸಕ್ಕೆ ರಜೆ ಹಾಕಿ ಉಳಿದೆ. ಸಂಜೆ ಕಾಕಾನ ಅಂಗಳದಿಂದ ಮೊದಲ ಪೆಟ್ಟು ಕೇಳಿದಾಗ ಅಪ್ಪನ ಭುಜದ ಮೇಲೆ ಮತ್ತೆ ಧೋತರ ಹೊದಿಸಿದ್ದೆ. ಅಪ್ಪ ಕಣ್ಣು ಮುಚ್ಚಿದ್ದ. ಅಲ್ಲಿ ಪೆಟ್ಟು ಬಿದ್ದಂತೆಲ್ಲ ಇಲ್ಲಿ ನನ್ನ ಹೆಬ್ಬೆರಳಿನ ಕೆಳಗೆ ಅವನ ಭುಜ ಅದುರುತ್ತಿತ್ತು.