ನೂರಿಪ್ಪತ್ತು–ಎಂಬತ್ತರ ತೋಳು

ಆ ಅಂಗಡಿಯಲ್ಲಿ ಬಿ.ಪಿ. ಮಷೀನು ಮಾರುವವನಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಸಂಬಳದ ಚೀಟಿಯೊಂದನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವನು ‘ನೂರಿಪ್ಪತ್ತು’.

ಗಿರಾಕಿಗಳು ಬರೀ ಡಬ್ಬಿಯನ್ನು ನಂಬುವವರಲ್ಲ. “ಮೊದ್ಲು ನಿಮಗೇ ಹಾಕ್ಕೊಂಡು ತೋರಿಸಿ” ಅನ್ನುತ್ತಾರೆ. ಅವನು ಅಂಗಿಯ ಎಡತೋಳು ಮಡಿಚಿ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ, ಮಷೀನು ಗುರ್ರೆಂದು ಗಾಳಿ ತುಂಬಿಕೊಂಡು, ಬುಸ್ಸೆಂದು ಬಿಟ್ಟು, ನೂರಿಪ್ಪತ್ತು–ಎಂಬತ್ತು ತೋರಿಸುತ್ತಿತ್ತು. ಡಬ್ಬಿಯೊಳಗಿನ ಪುಸ್ತಕದಲ್ಲಿ ‘ಸರಿ’ ಎಂದು ಅಚ್ಚಾದ ಅಂಕಿ ಕಣ್ಣೆದುರಿನ ತೋಳಲ್ಲೇ ಬಂದ ಮೇಲೆ ಗಿರಾಕಿ ಬಾಯಿ ತೆರೆಯುವುದೆಲ್ಲಿಂದ ಬಂತು? ಸೊಂಟದ ಬೆಲ್ಟು, ಪಾದ ಒತ್ತುವ ಯಂತ್ರ, ಕರೆಂಟಿನ ಬಿಸಿನೀರ ಚೀಲ ಇವೆಲ್ಲ ಅಂಗಡಿಯಲ್ಲಿದ್ದವು. ಆದರೆ ಅನ್ನ ಹಾಕುತ್ತಿದ್ದದ್ದು ಆ ತೋಳೇ. ಹದಿನಾರು ವರ್ಷ, ದಿನಕ್ಕೆ ಹತ್ತಿಪ್ಪತ್ತು ಸಲ ಅದು ಹಿಂಡಿಸಿಕೊಂಡಿತ್ತು. ಅವನ ಅಂಗಿಗಳೆಲ್ಲ ಎಡತೋಳಿನಲ್ಲೇ ಮೊದಲು ಹರಿಯುತ್ತಿದ್ದವು.

ಈಚೆಗೆ ಅವನಿಗೆ ಸುಸ್ತು. ಮಹಡಿಯ ಗೋದಾಮಿಗೆ ಒಮ್ಮೆ ಹತ್ತಿಳಿದರೆ ಏದುಸಿರು. ಮಧ್ಯಾಹ್ನವಾದರೆ ಹಿಂದಲೆಯಲ್ಲಿ ಯಾರೋ ಮೊಳೆ ಹೊಡೆದ ಹಾಗೆ ನೋವು. ಇದಕ್ಕೆ ಅವನು ತಲೆ ಮೇಲಿನ ಫ್ಯಾನನ್ನೂ, ಹಳೆಯ ಕನ್ನಡಕವನ್ನೂ ಸರದಿಯ ಮೇಲೆ ಬೈಯುತ್ತಿದ್ದ.

ಒಂದು ಬೆಳಿಗ್ಗೆ ಮಷೀನು ನೂರೈವತ್ತೆಂಟು ತೋರಿಸಿತು. “ಈ ಪೀಸ್ ಸರಿ ಇಲ್ಲ ಸಾರ್” ಎಂದು ಇನ್ನೊಂದು ಬಿಚ್ಚಿದ. ನೂರರವತ್ತು. ಮೂರನೆಯದೂ ಅಷ್ಟೇ. ಗಿರಾಕಿ ಮೆಲ್ಲಗೆ ಜಾಗ ಖಾಲಿ ಮಾಡಿದ. ಮೂರೂ ಡಬ್ಬಿಗೆ ‘ದೋಷವಿದೆ’ ಎಂಬ ಚೀಟಿ ಅಂಟಿಸಿ ಕಂಪನಿಗೆ ವಾಪಸು ಕಳಿಸಿದರು. ಬದಲಿಗೆ ಬಂದವೂ ಅದೇ ರಾಗ ಹಾಡಿದವು. ಎರಡು ತಿಂಗಳಲ್ಲಿ ಹನ್ನೊಂದು ಮಷೀನು ತವರಿಗೆ ಹೋದವು. ಮಾಲೀಕರಿಗಾಗಲಿ ಕ್ಯಾಷಿಯರಮ್ಮನಿಗಾಗಲಿ ಬೇರೆ ಅನುಮಾನವೇ ಬರಲಿಲ್ಲ. ತಕ್ಕಡಿಯನ್ನು ಬೈಯುವವರುಂಟು, ತೂಕದ ಕಲ್ಲನ್ನು ಯಾರು ಬೈಯುತ್ತಾರೆ?

ಕೊನೆಗೆ ಕಂಪನಿಯ ಮೆಕ್ಯಾನಿಕ್ಕೇ ಬಂದ. ಹನ್ನೊಂದನ್ನೂ ಹೊತ್ತು ತಂದಿದ್ದ. ಮಾಲೀಕರಿಗೆ ಹಾಕಿದ: ನೂರಿಪ್ಪತ್ತಾರು. ಕ್ಯಾಷಿಯರಮ್ಮನಿಗೆ: ನೂರಹದಿನಾಲ್ಕು. ನೂರಿಪ್ಪತ್ತಿಗೆ: ನೂರರವತ್ತೆಂಟು. ಮತ್ತೆ ತನ್ನ ಚೀಲದಿಂದ ಹಳೇ ಕಾಲದ ಪಾದರಸದ ಮಾಪಕ ತೆಗೆದು ನೋಡಿದ. ಅದೂ ಚಾಡಿ ಹೇಳಿತು.

“ಮಷೀನು ಸರಿ ಇದೆ ಸಾರ್. ಇವರನ್ನ ತೋರಿಸಿ.”

“ಯಾರಿಗೆ?” ಅಂದರು ಮಾಲೀಕರು.

“ಡಾಕ್ಟ್ರಿಗೆ.”

“ಹನ್ನೊಂದನ್ನೂ ನೋಡಿದ್ರಾ?” ಎಂದ ಅವನು, ಇನ್ನೂ ಒಂದು ಆಸೆ ಇಟ್ಟುಕೊಂಡು.

“ಹನ್ನೊಂದನ್ನೂ ನೋಡ್ದೆ ಅಣ್ಣಾ. ತಲೆನೋವು ಗಿಲೆನೋವು ಇದೆಯಾ?”

“ಅದು ಫ್ಯಾನಿಂದು.”

ಮಾಲೀಕರು ಕೆಟ್ಟವರಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, “ನಾಳೆಯಿಂದ ಕ್ಯಾಷಿಯರಮ್ಮನ ಕೈಯಲ್ಲೇ ತೋರಿಸೋಣಪ್ಪ. ನೀನು ಮೇಲೆ ಗೋದಾಮು ನೋಡ್ಕೊ” ಅಂದರು. ಹದಿನಾರು ವರ್ಷದ ಕೌಂಟರು ಅಷ್ಟು ಮಾತಿಗೆ ಮುಗಿಯಿತು. ಮೇಲೆ ಹೋದವರು ಎಷ್ಟು ದಿನ ಉಳಿಯುತ್ತಾರೆಂಬುದು ಅವನಿಗೆ ಗೊತ್ತಿತ್ತು. ಹಿಂದಿನ ಇಬ್ಬರೂ ಮೂರು ತಿಂಗಳೊಳಗೆ ಮನೆಯಲ್ಲಿದ್ದರು.

ಹೆಂಡತಿ ಎಲ್ಲ ಕೇಳಿಸಿಕೊಂಡಳು. “ಹನ್ನೊಂದು ಮಷೀನು ಬಾಯಿ ಬಡ್ಕೊಂಡ್ರೂ ನಿಮಗೆ ಕೇಳಿಸ್ಲಿಲ್ವೇನ್ರೀ?”

“ಅವೇ ಕೆಟ್ಟಿವೆ ಅಂದ್ಕೊಂಡೆ ಕಣೇ.”

“ನಾನು ಏನಾದ್ರೂ ಹೇಳಿದ್ರೂ ಹಾಗೇ ತಾನೆ ನೀವು ಅಂದ್ಕೊಳ್ಳೋದು.”

ಜಗಳ ಮುಂದುವರಿಸುವ ತ್ರಾಣ ಇಬ್ಬರಿಗೂ ಇರಲಿಲ್ಲ. ಅಂದು ಸಂಜೆಯೇ ಡಾಕ್ಟರ ಹತ್ತಿರ ಹೋಗಿ, ಗುಳಿಗೆ ಬರೆಸಿಕೊಂಡು, ಉಪ್ಪು ಬಿಡುವ ಉಪದೇಶ ಕೇಳಿ ಬಂದರು.

ನಾಲ್ಕನೆಯ ದಿನ ಮಧ್ಯಾಹ್ನ, ಅವನು ಊಟದ ಡಬ್ಬಿ ತೊಳೆದು ಗೋದಾಮಿನ ಮೆಟ್ಟಿಲಿಳಿಯುತ್ತಿದ್ದಾಗ, ಕೆಳಗೆ ಒಬ್ಬ ಹೆಂಗಸು ಕ್ಯಾಷಿಯರಮ್ಮನ ಜೊತೆ ವಾದಿಸುತ್ತಿರುವುದು ಕೇಳಿಸಿತು.

“ನಿಮಗೆ ನೂರಹದಿನಾಲ್ಕು ಬಂತು, ಸರಿ. ನಮ್ಮಮ್ಮಂಗೆ ಜಾಸ್ತಿ ಇದೆ. ಜಾಸ್ತಿ ಇರೋರಿಗೆ ಇದು ಸರಿಯಾಗಿ ತೋರಿಸುತ್ತೆ ಅಂತ ಏನು ಗ್ಯಾರಂಟಿ?”

ಕ್ಯಾಷಿಯರಮ್ಮ ಮಾಲೀಕರ ಮುಖ ನೋಡಿದಳು. ಮಾಲೀಕರು ಮೆಟ್ಟಿಲ ಕಡೆ ನೋಡಿದರು.

ಅವನೇ ಬಂದು ಅಂಗಿತೋಳು ಮಡಿಚಿದ. ನೂರೈವತ್ತೆರಡು. ಅಷ್ಟು ದೊಡ್ಡ ಅಂಕಿಯನ್ನು ಗಿರಾಕಿಯ ಮುಂದೆ ತಿರುಗಿಸಿ ಹಿಡಿದ. “ಮಷೀನು ಸರಿ ಇದೆ ಅಕ್ಕಾ, ಸರಿ ಇಲ್ದಿರೋನು ನಾನು. ಡಾಕ್ಟ್ರು ಮೊನ್ನೆ ನೋಡಿದಾಗ್ಲೂ ಇಷ್ಟೇ ಇತ್ತು. ಗುಳಿಗೆ ಶುರು ಮಾಡಿದೀನಿ.”

ಆಕೆ ಹೊರಡಲಿಲ್ಲ. ಗುಳಿಗೆಯಿಂದ ತಲೆ ಸುತ್ತುತ್ತದೆಯೇ, ಒಂದು ದಿನ ಮರೆತರೆ ಏನು ಗತಿ, ಅಮ್ಮ ಉಪ್ಪಿನಕಾಯಿ ಬಿಡುತ್ತಿಲ್ಲ ಏನು ಮಾಡಲಿ ಎಂದು ಅರ್ಧ ಗಂಟೆ ಕೇಳಿದಳು. ಗೊತ್ತಿದ್ದದ್ದನ್ನು ಹೇಳಿದ, ಗೊತ್ತಿಲ್ಲದ್ದಕ್ಕೆ ಡಾಕ್ಟರನ್ನು ಕೇಳಿ ಅಂದ. ಮಷೀನು ಕಟ್ಟಿಸಿಕೊಂಡೇ ಹೋದಳು.

ಮಾಲೀಕರು ಹತ್ತಿರ ಬಂದು ದನಿ ತಗ್ಗಿಸಿದರು. “ನಾಳೆಯಿಂದ ಕೆಳಗೇ ಇರಪ್ಪ. ಆದ್ರೆ ನೋಡು, ಒಂದೇ ಸಲಕ್ಕೆ ಬಿ.ಪಿ. ಪೂರ್ತಿ ಇಳಿಸ್ಕೊಂಡುಬಿಡಬೇಡ.”

ನಗಬೇಕೋ ಅಳಬೇಕೋ ಅವನಿಗೆ ಗೊತ್ತಾಗಲಿಲ್ಲ. ಎರಡಕ್ಕೂ ಶಕ್ತಿ ಇರಲಿಲ್ಲ. ಜೇಬಿನಿಂದ ಊಟದ ನಂತರದ ಗುಳಿಗೆ ತೆಗೆದು, ಮಾಲೀಕರ ಎದುರಿಗೇ ಬಾಯಿಗೆ ಹಾಕಿಕೊಂಡು, ಅವರ ಮೇಜಿನ ಮೇಲಿದ್ದ ಲೋಟವನ್ನೇ ಎತ್ತಿ ನೀರು ಕುಡಿದ.